ಮಾಲೂರಿಗೆ ಕೊಂಡ ಟಿಕೀಟು

ನಮ್ಮ ಆವಲಮ್ಮಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ರೈಲಿನ ಟಿಕೀಟಿನ ವಿಷಯದಲ್ಲಿ ಅವಳದ್ದೇ ಒಂದು ಕಾನೂನು ಇತ್ತು. ಟಿಕೀಟಿನ ಮೇಲೆ ಊರಿನ ಹೆಸರು ಇರುತ್ತದೆ, ಗಾಡಿಯ ಹೆಸರು ಇರುವುದಿಲ್ಲ. ಆದ್ದರಿಂದ ಊರು ಮುಟ್ಟಿಸುವುದು ರೈಲಿನವರ ಹೊಣೆ, ಯಾವ ಗಾಡಿಯಲ್ಲಿ ಅನ್ನುವುದು ಅವರ ಪಾಡು. ನಮ್ಮ ಗಾಡಿ ಹೊತ್ತಿಗೆ ಬಂದರೆ ಅದರಲ್ಲೇ ಹೋಗುತ್ತೇನೆ, ತಡವಾದರೆ ಆಮೇಲೆ ಯಾವುದು ಬಂದರೂ ಹತ್ತುತ್ತೇನೆ ಅನ್ನುವುದು ಅವಳ ಪಟ್ಟು. ಈ ಕಾನೂನು ಯಾರು ಮಾಡಿದ್ದು ಎಂದು ಕೇಳಿದರೆ, "ನಾನೇ ಮಾಡಿದ್ದು. ಯಾಕೆ, ಬೇರೆಯವರು ಮಾಡಿದ್ದೆಲ್ಲ ಸರಿಯಾಗಿದ್ಯಾ?" ಎಂದು ತಿರುಗಿ ಬೀಳುತ್ತಿದ್ದಳು.

ನಾನು ಅವಳ ವಾರಗಿತ್ತಿ, ವೆಂಕಟರತ್ನಮ್ಮ. ಅವಳು ಹಿರೀ ಸೊಸೆ, ನಾನು ಕಿರೀ ಸೊಸೆ. ಶ್ರೀನಿವಾಸಪುರದ ಹತ್ತಿರದ ಯಲ್ದೂರು ನಮ್ಮದು. ಬಳೆ ಮಾರುವ ಬಲಿಜರ ಮನೆ. ಒಳಗೆ ತೆಲುಗು, ಬೀದಿಗೆ ಇಳಿದರೆ ಕನ್ನಡ. ಅವಳ ವಿಷಯಕ್ಕೆ ಜನ ಈಗ ಏನೇನೋ ರೆಕ್ಕೆಪುಕ್ಕ ಕಟ್ಟಿ ಹೇಳುತ್ತಾರೆ. ಮೇಲ್ ಗಾಡಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿದಳಂತೆ, ಇಂಜಿನ್ ಡ್ರೈವರಿಗೆ ಬಳೆ ತೊಡಿಸಿದಳಂತೆ. ಎಲ್ಲಾ ಬೊಗಳೆ. ಪಕ್ಕದಲ್ಲಿ ಇದ್ದವಳು ನಾನು. ಗಂಟು ಹೊತ್ತವಳು ನಾನು, ಅವಳ ಹಿಂದೆ ಓಡಿ ಓಡಿ ಮಂಡಿ ಸವೆಸಿಕೊಂಡವಳೂ ನಾನೇ. ಬೇರೆ ಯಾರೋ ಏನೋ ಹೇಳಿದರೆ ನನಗೆ ಮೈ ಉರಿಯುತ್ತದೆ.

ಮೊದಲು ನಮ್ಮ ಭಾವ ವೆಂಕಟರಮಣಪ್ಪನವರು ಬಳೆ ಮಾರುತ್ತಿದ್ದರು. ಬಳೆಸರಗಳನ್ನು ದಾರಕ್ಕೆ ಪೋಣಿಸಿ ಕಟ್ಟಿದ ಗಂಟಿಗೆ ಮಲಾರ ಅನ್ನುತ್ತೇವೆ. ಆ ಮಲಾರವನ್ನು ಹೆಗಲಿಗೆ ಏರಿಸಿಕೊಂಡು ಶ್ರೀನಿವಾಸಪುರ, ಕೋಲಾರ, ಮಾಲೂರು ಎಂದು ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಒಂದು ಚಳಿಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟರು. ಆವಲಮ್ಮಕ್ಕನಿಗೆ ಆಗ ಇನ್ನೂ ತಲೆಯಲ್ಲಿ ಒಂದು ಬಿಳಿಕೂದಲಿಲ್ಲ. ಕೈ ಬೋಳಾಯಿತು, ಹಣೆ ಬೋಳಾಯಿತು. ವರ್ಷ ಕಳೆಯುವ ತನಕ ಮೂಲೆಯಲ್ಲಿ ಕೂತಳು. ವರ್ಷ ತುಂಬಿದ ಮೇಲೆ ಒಂದು ಬೆಳಗ್ಗೆ ಎದ್ದು ಗೂಟದಲ್ಲಿ ತೂಗುತ್ತಿದ್ದ ಮಲಾರವನ್ನು ತೆಗೆದು ಹೆಗಲಿಗೆ ಹಾಕಿಕೊಂಡಳು.

ನಮ್ಮತ್ತೆ ಬಾಗಿಲಿಗೆ ಅಡ್ಡ ನಿಂತರು. "ಅಯ್ಯೋ ದೇವುಡಾ! ಬೋಳು ಕೈಯವಳು ಬಳೆ ಮಾರೋಕೆ ಹೋಗ್ತೀಯೇನೇ? ಊರು ನಗಲ್ವಾ?" ಎಂದು ಕೂಗಾಡಿದರು.

"ಬಳೆ ಮಾರೋಕೆ ಬಳೆ ತೊಟ್ಟಿರ್ಬೇಕಾ ಅತ್ತೆ? ಹಂಗಾದ್ರೆ ನಮ್ಮ ಮಾವ ಯಾವ ಬಳೆ ತೊಟ್ಟಿದ್ರು? ನಿಮ್ಮ ಮಗ ಯಾವ ಬಳೆ ತೊಟ್ಟಿದ್ರು?" ಅಂದಳು ಆವಲಮ್ಮಕ್ಕ. ನಾನು ನಗು ತಡೆಯಲಾಗದೆ ಹಿತ್ತಲಿಗೆ ಓಡಿದೆ. ಅಂದಿನಿಂದ ಎರಡನೇ ಗಂಟು ಹೊರುವ ಕೆಲಸ ನನಗೆ ಬಿತ್ತು. "ಇವಳೊಬ್ಬಳನ್ನೇ ಕಳಿಸೋದು ಬೇಡ" ಎಂದು ಅತ್ತೆಯೇ ನನ್ನನ್ನು ಜೊತೆ ಮಾಡಿದರು.

ಊರವರು ಅಕ್ಕನನ್ನು ಒಪ್ಪಿಕೊಂಡದ್ದು ಅರ್ಧ ಮಾತ್ರ. ಹಬ್ಬಕ್ಕೆ ಕರೆಯುತ್ತಿದ್ದರು, ಮಕ್ಕಳ ಕೈಗೆ ಕರೆಯುತ್ತಿದ್ದರು, ಕೆಲಸ ಮಾಡಿ ಮಾಡಿ ಬಳೆ ಕಳೆದುಕೊಂಡ ಹೆಂಗಸರು ಬೀದಿಯಲ್ಲಿ ನಿಲ್ಲಿಸಿ ತೊಡುತ್ತಿದ್ದರು. ಮದುವೆಯ ಬಳೆಗೆ ಮಾತ್ರ ಬೇರೆ ಬಳೆಗಾರನನ್ನು ಕರೆಸುತ್ತಿದ್ದರು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು. ಮದುವೆ ಚಪ್ಪರದ ಮುಂದೆ ಹಾದುಹೋಗುವಾಗ ಅವಳು ಬೇಕೆಂದೇ ನನ್ನ ಹತ್ತಿರ ಜೋರಾಗಿ ಏನಾದರೂ ಹರಟುತ್ತಿದ್ದಳು. ಅವಳ ಸಂಕಟ ಅದೊಂದೇ ಆಗಿತ್ತು. ಗಂಡ ಹೋದದ್ದಕ್ಕಿಂತ ಅದು ದೊಡ್ಡದಾಗಿತ್ತೋ ಏನೋ.

ಇನ್ನು ರೈಲಿನ ಮಾತಿಗೆ ಬರುತ್ತೇನೆ. ನಮ್ಮ ಶ್ರೀನಿವಾಸಪುರದಿಂದ ಕೋಲಾರದ ಮೇಲೆ ಬೌರಿಂಗ್‌ಪೇಟೆಗೆ ಹೋಗುತ್ತಿದ್ದದ್ದು ಚಿಕ್ಕ ರೈಲು. ಆಟದ ಸಾಮಾನಿನ ಹಾಗಿತ್ತು, ಗತ್ತು ಮಾತ್ರ ದೊಡ್ಡದು. ಬೌರಿಂಗ್‌ಪೇಟೆಯಲ್ಲಿ ಇಳಿದು ದೊಡ್ಡ ರೈಲು ಹಿಡಿದರೆ ಟ್ಯಾಕಲ್ ದಾಟಿ ಮಾಲೂರು. ಟಿಕೀಟು ಮಾತ್ರ ಶ್ರೀನಿವಾಸಪುರದಲ್ಲೇ ಮಾಲೂರಿನವರೆಗೂ ಒಂದೇ ಸಲ ಕೊಡುತ್ತಿದ್ದರು. ಯುದ್ಧ ಶುರುವಾದ ಮೇಲೆ ಗಾಡಿಗಳ ಹೊತ್ತುಗೊತ್ತು ಎಲ್ಲ ಕೆಟ್ಟುಹೋಗಿತ್ತು. ಸಿಪಾಯಿಗಳ ಗಾಡಿಗೆ ದಾರಿ ಬಿಡಬೇಕು, ಸಾಮಾನಿನ ಗಾಡಿಗೆ ದಾರಿ ಬಿಡಬೇಕು, ನಾವು ಕಡೆಗೆ. ಆವಲಮ್ಮಕ್ಕನ ಕಾನೂನು ಹುಟ್ಟಿದ್ದೇ ಆ ಕಾಲದಲ್ಲಿ.

ಆ ಕಾನೂನು ಎಲ್ಲ ಕಡೆಯೂ ನಡೆಯುತ್ತಿತ್ತು ಅಂತ ಅಂದುಕೊಳ್ಳಬೇಡಿ. ಒಂದು ಸಲ ಚಿಕ್ಕ ರೈಲು ಬರಲೇ ಇಲ್ಲ ಎಂದು, ಅದೇ ಟಿಕೀಟು ಹಿಡಿದು ಇದ್ದಿಲು ಉರಿಸಿ ಓಡಿಸುತ್ತಿದ್ದ ಕೋಲಾರದ ಬಸ್ಸು ಹತ್ತಿಬಿಟ್ಟಳು. ಕಂಡಕ್ಟರು ಟಿಕೀಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ರೈಲಿಂದಮ್ಮ" ಅಂದ. "ಊರು ಕೋಲಾರ ತಾನೇ? ನೀನೂ ಕೋಲಾರಕ್ಕೆ ತಾನೇ ಹೋಗ್ತಿರೋದು?" ಅಂದಳು. ಆತ ನಮ್ಮಿಬ್ಬರನ್ನೂ ಮಲಾರದ ಸಮೇತ ಕೆಳಗೆ ಇಳಿಸಿದ. ಹೊಗೆ ಕುಡಿದುಕೊಂಡು ರಸ್ತೆ ಬದಿಯಲ್ಲಿ ನಿಂತಿದ್ದೆವು. "ಬಸ್ಸಿಗೂ ರೈಲಿಗೂ ನೆಂಟಸ್ತಿಕೆ ಇಲ್ಲ ಅಂತ ಗೊತ್ತಾಯ್ತು ಬಿಡು" ಎಂದು ಗಂಟು ಎತ್ತಿ ನಡೆದಳು. ಸೋತರೂ ಮುಖ ಬಾಡಿಸುವ ಜಾತಿಯಲ್ಲ ಅವಳು.

ಆದರೆ ರೈಲಿನ ಮೇಲೆ ಅವಳು ಬಹುಮಟ್ಟಿಗೆ ಗೆದ್ದಳು. ಪ್ಯಾಸೆಂಜರ್ ತಪ್ಪಿದರೆ ಜನ, ಸಾಮಾನು ಎರಡೂ ಹೊರುವ ಮಿಕ್ಸೆಡ್ಡು, ಅದೂ ತಪ್ಪಿದರೆ ಕೂಲಿಗಳನ್ನು ತುಂಬಿಕೊಂಡು ಹೋಗುವ ಗಾಡಿ. ಟಿಕೀಟು ನೋಡುವವರು ಮೊದಮೊದಲು ರೇಗಿದರು, ಆಮೇಲೆ ನಕ್ಕರು, ಕಡೆಗೆ ಇವಳನ್ನು ಕಂಡರೆ ಜಾಗ ಮಾಡಿಕೊಟ್ಟರು. ಹೇಳಿದ ದಿನ ಹೇಳಿದ ಹೊತ್ತಿಗೆ ಅವಳು ಬರದೆ ಇದ್ದದ್ದೇ ಇಲ್ಲ. "ಆವಲಮ್ಮ ಟಿಕೀಟ್ ತಗೊಂಡ್ಲು ಅಂದ್ರೆ ಬಂದಂಗೇ" ಎಂದು ಮಾಲೂರಿನ ಹೆಂಗಸರು ಹೇಳಿಕೊಳ್ಳುತ್ತಿದ್ದರು.

ಆ ಮಾಲೂರಿನಲ್ಲಿ ಹೆಂಚಿನ ಕಾರ್ಖಾನೆಯ ಮೇಸ್ತ್ರಿ ಕೋದಂಡರಾಮಪ್ಪ ಎಂದು ಒಬ್ಬರಿದ್ದರು. ಸ್ಟೇಷನ್ನಿಗೆ ಹತ್ತಿರವೇ ಮನೆ. ಅವರ ಮಗಳು ಮುನಿಗಂಗಮ್ಮನಿಗೆ ಅಕ್ಕನ ಕೈಯೆಂದರೆ ಪ್ರಾಣ. ಆ ಹುಡುಗಿಗೆ ಮುಳಬಾಗಿಲ ಕಡೆಯ ಬೈರಕೂರಿನ ಗಂಡು ಗೊತ್ತಾಯಿತು. ಕೋದಂಡರಾಮಪ್ಪನವರು ಬಳೆಗೆ ಬೇರೆಯವರನ್ನು ಹೇಳಲು ಹೊರಟರೆ ಹುಡುಗಿ ಪಟ್ಟಾಗಿ ಕೂತಳಂತೆ: ಆವಲಮ್ಮ ಬಂದು ಇಟ್ಟರೆ ಬಳೆ, ಇಲ್ಲದಿದ್ದರೆ ಹಸೆಗೇ ಬರುವುದಿಲ್ಲ. ಅವರು ಯಲ್ದೂರಿಗೆ ತಾವೇ ಬಂದು ಕರೆದರು. ಅವರು ಹೋದ ಮೇಲೆ ಅಕ್ಕ ಒಲೆಯ ಮುಂದೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. "ಮದುವೆ ಬಳೆಗೆ ಕರೆದ್ರು ಕಣೇ ರತ್ನಾ. ಇದೊಂದು ನೆಟ್ಟಗೆ ನಡೆದ್ರೆ ಇನ್ನು ಯಾರೂ ನನ್ನ ಬಾಗ್ಲಲ್ಲಿ ನಿಲ್ಲಿಸಲ್ಲ" ಅಂದಳು.

ಬಳೆಶಾಸ್ತ್ರ ಮದುವೆಯ ಹಿಂದಿನ ದಿನವೇ ಆಗಬೇಕಿತ್ತು. ಆದರೆ ಯುದ್ಧದ ದೆಸೆಯಿಂದ ಹಸಿರು ಗಾಜಿನ ಬಳೆ ಸಿಗುವುದೇ ಕಷ್ಟ. ನಮಗೆ ಬಳೆ ಕೊಡುವ ಸಾಹುಕಾರರಿಗೆ ಉತ್ತರದಿಂದ ಬರಬೇಕಾದ ಪೆಟ್ಟಿಗೆ ಮದುವೆಯ ಹಿಂದಿನ ಸಂಜೆಗೆ ಮುಂಚೆ ಬರುವುದಿಲ್ಲ ಎಂದು ತಿಳಿಯಿತು. ಹೀಗಾಗಿ, ಮದುವೆಯ ಬೆಳಗ್ಗೆಯೇ ಮೊದಲ ಗಾಡಿಗೆ ಬರುತ್ತೇವೆ, ಮುಹೂರ್ತ ಮಧ್ಯಾಹ್ನಕ್ಕೆ ತಾನೇ, ಬೇಕಾದಷ್ಟು ಹೊತ್ತಿದೆ ಎಂದು ಹೇಳಿ ಕಳಿಸಿದ್ದೆವು. ಮಾವಿನ ಹೂವಿನ ಕಾಲ. ಬೆಳಕು ಹರಿಯುವ ಮುಂಚೆ ಯಲ್ದೂರು ಬಿಟ್ಟಾಗ ದಾರಿಯುದ್ದಕ್ಕೂ ತೋಪುಗಳಿಂದ ಘಮ್ಮೆಂದು ವಾಸನೆ ಬರುತ್ತಿತ್ತು. ಅಕ್ಕ ಹಾಡು ಗುನುಗುತ್ತ ಮುಂದೆ, ನಾನು ಚಳಿಗೆ ಬೈಯುತ್ತ ಹಿಂದೆ.

ಚಿಕ್ಕ ರೈಲು ಸರಿಯಾದ ಹೊತ್ತಿಗೇ ಹೊರಟಿತು. ಆದರೆ ಕೋಲಾರ ಇನ್ನೂ ಎರಡು ಹರದಾರಿ ಇರುವಾಗ ದಿಣ್ಣೆಯ ಮೇಲೆ ಏದುಸಿರು ಬಿಟ್ಟು ನಿಂತುಬಿಟ್ಟಿತು. ಹಸಿ ಸೌದೆ, ಹಬೆ ಏಳಲಿಲ್ಲವಂತೆ. ಗಂಡಸರು ಇಳಿದು ಬೀಡಿ ಹಚ್ಚಿದರು. ಅಕ್ಕ ಇಂಜಿನ್ನಿನವರೆಗೂ ನಡೆದುಹೋಗಿ ಡ್ರೈವರನ್ನು ಮಾತಾಡಿಸಿ ಬಂದಳು. "ಒಣ ಕಡ್ಡಿ ಆಯ್ದು ಕೊಡಿ ಅಂತಾನೆ. ಬನ್ನಿ, ಏಳಿ, ಬೀಡಿ ಆಮೇಲೆ ಸೇದೀರಂತೆ" ಎಂದು ಕೂತಿದ್ದವರನ್ನೆಲ್ಲ ಎಬ್ಬಿಸಿದಳು. ಗಾಡಿಗೆ ಗಾಡಿಯೇ ಹೊಲಕ್ಕಿಳಿದು ಪುರಲೆ ಆಯ್ದಿತು. ಹೇಗೋ ಗಾಡಿ ಎದ್ದಿತು. ಬೌರಿಂಗ್‌ಪೇಟೆ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು, ಮಾಲೂರಿನ ಪ್ಯಾಸೆಂಜರು ಹೋಗಿ ಎಷ್ಟೋ ಹೊತ್ತಾಗಿತ್ತು.

ಸ್ಟೇಷನ್ ಮಾಸ್ಟರು ಪಾಪ, ಒಳ್ಳೆಯವರೇ. ರಾತ್ರಿಯೆಲ್ಲ ನಿದ್ದೆಗೆಟ್ಟ ಕಣ್ಣು, ಕೊರಳಲ್ಲಿ ಒಂದು ಟವೆಲು. "ಮುಂದಿನ ಪ್ಯಾಸೆಂಜರ್ ಸಾಯಂಕಾಲಕ್ಕೆ. ಈಗ ಮೇಲ್ ಬರುತ್ತೆ, ಆದ್ರೆ ಅದು ಮಾಲೂರಲ್ಲಿ ನಿಲ್ಲಲ್ಲ. ನಾನೇನಮ್ಮ ಮಾಡ್ಲಿ? ನಮ್ಮ ಗಾಡಿ ಹೊತ್ತಿಗೆ ಸರಿಯಾಗಿ ಹೋಯ್ತು. ತಡ ಆಗಿದ್ದು ನಿಮ್ಮ ಚಿಕ್ಕ ಗಾಡಿ" ಅಂದರು.

"ಟಿಕೀಟ್ ಕೊಡೋವಾಗ ಇಬ್ರೂ ಒಂದೇ, ತಪ್ಪೋದಾಗ ಬೇರೆ ಬೇರೇನಾ ಸ್ವಾಮಿ?" ಎಂದು ಅಕ್ಕ ಟಿಕೀಟನ್ನು ಅವರ ಮೇಜಿನ ಮೇಲಿಟ್ಟಳು. "ಇದ್ರ ಮೇಲೆ ಮಾಲೂರು ಅಂತ ಬರೆದಿದ್ದೀರಿ. ಪ್ಯಾಸೆಂಜರ್ ಅಂತ ಬರೆದಿದ್ದೀರಾ? ಅಲ್ಲಿ ನಿಂತಿದ್ಯಲ್ಲ, ಆ ಗಾಡಿ ಎಲ್ಲಿಗೆ ಹೋಗ್ತದೆ?"

ಅವರು ಕಿಟಕಿಯಾಚೆ ನೋಡಿದರು. ಇದ್ದಿಲು, ಸೌದೆ ತುಂಬಿಕೊಂಡು ಒಂದು ಗೂಡ್ಸ್ ನಿಂತಿತ್ತು. "ಅದು ಹೆಂಚಿನ ಕಾರ್ಖಾನೆಗೆ. ಮಾಲೂರಿಗೇ ಹೋಗೋದು. ಆದ್ರೆ ಸಾಮಾನಿನ ಗಾಡೀಲಿ ಜನ ಹೋಗೋ ಹಂಗಿಲ್ಲಮ್ಮ."

"ಜನ ಅಂತ ಯಾರು ಬರೀರಿ ಅಂದ್ರು? ಬಳೆ ಗಂಟು ಎರಡು, ಅದ್ರ ಕೆಳಗೆ ಹೆಂಗಸ್ರು ಎರಡು. ಎಲ್ಲಾ ಸಾಮಾನೇ. ಒಡೆಯೋ ಸಾಮಾನು, ಹುಷಾರು ಅಂತ ಬರೀರಿ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಾಸ್ಟರು ಮಾತ್ರ ಟವೆಲಿನಿಂದ ಮುಖ ಒರೆಸಿಕೊಂಡು ನಕ್ಕುಬಿಟ್ಟರು. "ಯಾರ ಮದುವೆ?" ಎಂದು ಕೇಳಿದರು. ಅಕ್ಕ ಹೇಳಿದಳು. ಸುಮ್ಮನೆ ಮದುವೆಯನ್ನಷ್ಟೇ ಹೇಳಲಿಲ್ಲ. ಮೊದಲ ಸಲ ಕರೆದಿದ್ದಾರೆ, ಯಾಕೆ ಮೊದಲ ಸಲ ಅನ್ನುವುದನ್ನೂ ಹೇಳಿದಳು. ಅವರು ಅವಳ ಕೈ ನೋಡಿದರು, ಮತ್ತೆ ಟಿಕೀಟು ನೋಡಿದರು. ಆಮೇಲೆ ಟಿಕೀಟಿನ ಹಿಂದೆ ಏನೋ ಗೀಚಿ ರುಜು ಹಾಕಿ, "ಗಾರ್ಡಿಗೆ ತೋರ್ಸಿ. ಆತ ಒಪ್ಪಿದ್ರೆ ನಂದೇನೂ ಅಡ್ಡಿಯಿಲ್ಲ" ಅಂದರು.

ಗಾರ್ಡು ಕದಿರೇಶ ಎಂಬಾತ. ಒಣಕಲು ಆಳು, ಮೀಸೆ ಮಾತ್ರ ದಪ್ಪ. ಗೂಡ್ಸಿನ ಕೊನೆಯ ಡಬ್ಬಿಯ ಬಾಗಿಲಲ್ಲಿ ಹಸಿರು ಬಾವುಟ ಹಿಡಿದು ನಿಂತಿದ್ದ. ರುಜು ನೋಡಿ, "ಏನಮ್ಮಾ ಇದು, ನನ್ನ ಸರ್ವೀಸಲ್ಲೇ ನೋಡಿಲ್ಲ!" ಅಂದ. "ನಾವೂ ನೋಡಿಲ್ಲ, ಇವತ್ತು ಇಬ್ರೂ ನೋಡೋಣ" ಎಂದು ಅಕ್ಕ ಮಲಾರವನ್ನು ಅವನ ಕೈಗೆ ಕೊಟ್ಟು ಹತ್ತೇಬಿಟ್ಟಳು. ನನ್ನನ್ನು ಎಳೆದುಕೊಂಡಳು. "ಒಡೆದ್ರೆ ನನ್ನ ಕೇಳ್ಬೇಡಿ. ಈ ಗಾಡಿ ಒದೀತದೆ" ಎಂದು ಆತ ಎಚ್ಚರಿಸಿದ.

ಒದೆಯುವುದು ಎಂದರೆ ಹಾಗೋ ಹೀಗೋ! ಕೂತವರನ್ನು ಎತ್ತಿ ಎತ್ತಿ ಕುಕ್ಕುತ್ತಿತ್ತು. ಅಕ್ಕ ಎರಡೂ ಗಂಟುಗಳನ್ನು ಮಡಿಲಲ್ಲಿಟ್ಟು ಹಸುಗೂಸಿನ ಹಾಗೆ ಅಪ್ಪಿಕೊಂಡಳು. ತನ್ನ ಬೆನ್ನನ್ನು ಹಲಗೆಗೆ ಕೊಟ್ಟು ಪೆಟ್ಟೆಲ್ಲ ತಾನು ತಿಂದಳು. ನಾನು ಹೆದರಿ ಅಳುತ್ತಿದ್ದರೆ, "ಏಯ್, ಅಳಬೇಡ. ಸಾಮಾನು ಅಳಲ್ಲ" ಎಂದು ಗದರಿದಳು. ಕದಿರೇಶ ಹೊಟ್ಟೆ ಹಿಡಿದುಕೊಂಡು ನಕ್ಕ.

ಟ್ಯಾಕಲ್‌ನಲ್ಲಿ ಗಾಡಿ ಪಕ್ಕದ ಕಂಬಿಗೆ ಹೋಗಿ ನಿಂತಿತು. "ಮಿಲಿಟ್ರಿ ಸ್ಪೆಷಲ್ ಬರ್ತಿದೆ, ಅದಕ್ಕೆ ದಾರಿ ಬಿಡ್ಬೇಕು. ಎಷ್ಟೊತ್ತೋ ಹೇಳಕ್ಕಾಗಲ್ಲ" ಅಂದ ಕದಿರೇಶ. ಸೂರ್ಯ ಮೇಲಕ್ಕೆ ಮೇಲಕ್ಕೆ ಹೋಗುತ್ತಿದ್ದ. ಟ್ಯಾಕಲ್‌ನ ಬಂಡೆಗುಡ್ಡ ಕಾದ ಬಾಣಲೆಯಂತಿತ್ತು. ಅಕ್ಕ ಮಾತು ನಿಲ್ಲಿಸಿದಳು. ಅವಳು ಮಾತು ನಿಲ್ಲಿಸಿದರೆ ನನಗೆ ಕೈಕಾಲು ಆಡುವುದಿಲ್ಲ.

"ಏಮಕ್ಕಾ, ಏನಾಯ್ತು?" ಅಂದೆ.

"ಬೇರೆಯವ್ರು ತಡವಾದ್ರೆ ಗಾಡಿ ತಡವಾಯ್ತು ಅಂತಾರೆ ಕಣೇ" ಅಂದಳು. "ನಾನು ತಡವಾದ್ರೆ ಹಂಗನ್ನಲ್ಲ. ಗಂಡ ಸತ್ತೋಳ್ನ ಕರೆದ್ವಿ, ಮದುವೆಗೇ ಕೇಡು ತಟ್ಟಿತು ಅಂತಾರೆ. ಆಮೇಲೆ ಹಬ್ಬಕ್ಕೂ ಕರೆಯಲ್ಲ, ಮಕ್ಕಳ ಕೈಯೂ ಕೊಡಲ್ಲ. ಆ ಮಗೂನ ಬೇರೆ ಜೀವಮಾನವೆಲ್ಲ ಚುಚ್ತಾರೆ." ನಾನು ಅವಳ ಬೆನ್ನು ಸವರಿದೆ. ಹಲಗೆಯ ಪೆಟ್ಟಿಗೆ ಮೈ ಕೆಂಡದಂತೆ ಬಿಸಿಯಾಗಿತ್ತು.

ಸ್ಪೆಷಲ್ ಧಡಧಡ ಎಂದು ಹೋಯಿತು, ಕಿಟಕಿ ತುಂಬ ಸಿಪಾಯಿಗಳು. ಅದು ಹೋದ ಮೇಲೂ ನಮ್ಮದು ಅಲ್ಲಾಡಲಿಲ್ಲ. ಅಕ್ಕ ಸರ್ರನೆ ಎದ್ದು, "ಕದಿರೇಶಣ್ಣಾ, ಬಾವುಟ ಇರೋದು ಗಾಳಿ ಬೀಸಿಕೊಳ್ಳೋಕಾ?" ಎಂದು ಕೂಗಿದಳು. ಆತ ಇಳಿದು ಟ್ಯಾಕಲ್ ಸ್ಟೇಷನ್ನಿನ ಕಡೆಗೆ ಓಡಿದ. ಏನು ಹೇಳಿದನೋ ತಿಳಿಯದು, ಸ್ವಲ್ಪ ಹೊತ್ತಿಗೆ ಸಿಗ್ನಲ್ಲಿನ ಕೈಮರ ಬಿತ್ತು. ಗಾಡಿ ಹೊರಟಿತು. ಅಕ್ಕ ಮತ್ತೆ ಗಂಟು ಅಪ್ಪಿಕೊಂಡು, "ನೋಡ್ದಾ? ಕೇಳಿದ್ರೆ ಕೊಡ್ತಾರೆ" ಅಂದಳು. ಅಷ್ಟರಲ್ಲಿ ಮೊದಲಿನ ಆವಲಮ್ಮಕ್ಕನೇ ಆಗಿದ್ದಳು.

ಮಾಲೂರಿನ ಗೇಟಿನಲ್ಲಿ ಟಿಕೀಟು ಈಸಿಕೊಳ್ಳುವವರು ಕಣ್ಣು ಕಣ್ಣು ಬಿಟ್ಟರು. "ಈಗ ಯಾವ ಗಾಡಿಯೂ ಬಂದಿಲ್ವಲ್ಲಮ್ಮ, ಎಲ್ಲಿಂದ ಉದುರಿದ್ರಿ?" ಎಂದು ಕೇಳಿದರು. "ಮಾಲೂರಿಗೆ ಅಂತ ತಗೊಂಡ್ವಿ, ಮಾಲೂರಿಗೆ ಬಂದ್ವಿ" ಎಂದು ಟಿಕೀಟನ್ನು ಅವರ ಕೈಗೆ ತುರುಕಿ ಅಕ್ಕ ಓಡಿದಳು.

ಮದುವೆ ಮನೆಯಲ್ಲಿ ಓಲಗ ನಿಂತಿತ್ತು. ಚಪ್ಪರದ ತುಂಬ ಜನ, ಆದರೆ ಮಾತಿಲ್ಲ. ಬಾಗಿಲಲ್ಲೇ ಹುಡುಗಿಯ ಸೋದರತ್ತೆ ಅಕ್ಕಯಮ್ಮ ಸಿಕ್ಕಿದಳು, ಅತ್ತು ಅತ್ತು ಮೂಗು ಕೆಂಪಾಗಿತ್ತು. ನಡೆದದ್ದು ಇಷ್ಟು. ಹೊಸ ಬಳೆ ಇಡುವಾಗ ಹಳೆಯದನ್ನು ಪೂರ್ತಿ ತೆಗೆಯುವುದಿಲ್ಲ. ಒಂದೊಂದು ಕೈಯಲ್ಲಿ ಒಂದೊಂದಾದರೂ ಉಳಿಸಿಕೊಂಡು, ಹೊಸದು ಏರಿದ ಮೇಲೆ ಅದನ್ನು ತೆಗೆಯಬೇಕು. ಹೆಣ್ಣಿನ ಕೈ ಒಂದು ಗಳಿಗೆಯೂ ಬೋಳಾಗಿರಬಾರದು ಅನ್ನುವುದು ನಮ್ಮ ಕಡೆಯ ಪದ್ಧತಿ. ಬೆಳಗ್ಗೆ ಪ್ಯಾಸೆಂಜರು ಕೂಗಿದ್ದು ಮನೆಗೆ ಕೇಳಿಸಿತು. ಆವಲಮ್ಮ ಟಿಕೀಟು ತಗೊಂಡಮೇಲೆ ಬಂದ ಹಾಗೇ ಎಂದುಕೊಂಡು ಅಕ್ಕಯಮ್ಮ ಹುಡುಗಿಯ ಕೈಗೆ ಸೀಗೆ ನೀರು ಸವರಿ ಎಲ್ಲವನ್ನೂ ಬಿಚ್ಚಿಬಿಟ್ಟಳು. ಬಿಚ್ಚುವಾಗ ಗಡಿಬಿಡಿಗೆ ಹಳೆಯವೆಲ್ಲ ಚೂರಾದವು. ಪ್ಯಾಸೆಂಜರು ಬಂತು, ಹೋಯಿತು, ನಾವು ಅದರಲ್ಲಿರಲಿಲ್ಲ. ಮದುಮಗಳು ಬೋಳು ಕೈಯಲ್ಲಿ ಕೂತಳು. ಮಾಲೂರಿನ ಅಂಗಡಿಯಲ್ಲಿ ಹಸಿರು ಬಳೆಯೇ ಇಲ್ಲ. ಇನ್ನೊಬ್ಬರು ತೊಟ್ಟು ಬಿಚ್ಚಿದ್ದನ್ನು ಮದುಮಗಳಿಗೆ ಇಡುವ ಹಾಗಿಲ್ಲ. ಗಂಡಿನ ಕಡೆಯವರಿಗೆ ವಿಷಯ ತಿಳಿದು ಗುಸುಗುಸು ಎದ್ದಿತ್ತು.

"ಬಂದೆನಮ್ಮ, ಬಂದೆ!" ಎಂದು ಅಕ್ಕ ಒಳಮನೆಗೆ ನುಗ್ಗಿ ಮಲಾರ ಬಿಚ್ಚಿದಳು. ಒಂದೂ ಒಡೆದಿರಲಿಲ್ಲ. ನನಗೆ ಹೋದ ಜೀವ ಬಂತು. ಅಷ್ಟರಲ್ಲಿ ಮೂಲೆಯಿಂದ ಒಂದು ಧ್ವನಿ ಬಂತು, "ನಿಲ್ಲಿ."

ಗಂಡಿನ ಅಜ್ಜಿ, ಬೈರಕೂರಿನ ದೊಡ್ಡವೆಂಕಟಮ್ಮ. ಬಿಳಿ ಸೀರೆ, ಕಡ್ಡಿಯಂಥ ನೆಟ್ಟನೆಯ ಮೈ. ಆಕೆಯದ್ದೂ ಬೋಳು ಕೈ. ಮೊಮ್ಮಗನ ಮದುವೆಗೆ ಬಂದೂ ಚಪ್ಪರದಲ್ಲಿ ಕೂರುವ ಹಾಗಿಲ್ಲ, ಅದಕ್ಕೆ ಒಳಮನೆಯ ಮೂಲೆ ಹಿಡಿದಿದ್ದಳು. ಆಕೆ ಅಕ್ಕನ ಕೈಯನ್ನೇ ನೋಡುತ್ತ, "ಬಳೆಗಾರ್ತಿ ಅಂದ್ರಿ, ಹಿಂಗೆ ಅಂತ ಹೇಳ್ಲಿಲ್ಲ. ಮೊದಲೇ ಹುಡುಗಿ ಕೈ ಬೋಳಾಗಿ ಕೂತದೆ. ಇಂಥ ಕೈಲಿ ಬೇಡ. ಜೊತೆಗೆ ಬಂದೋಳು ಮುತ್ತೈದೆ ಅಲ್ವಾ, ಅವಳೇ ಇಡ್ಲಿ" ಎಂದು ನನ್ನ ಕಡೆ ಕೈ ತೋರಿಸಿದಳು.

ಎಲ್ಲರೂ ನನ್ನ ಕಡೆ ತಿರುಗಿದರು. ಕೋದಂಡರಾಮಪ್ಪನವರು ಕೈ ಮುಗಿದು, "ಹೊತ್ತು ಮೀರ್ತಿದೆ ತಾಯಿ" ಅಂದರು. ನಾನು ಅಕ್ಕನ ಮುಖ ನೋಡಿದೆ. ಏನಾದರೂ ಹೇಳುತ್ತಾಳೆ, ಅತ್ತೆಗೆ ಹೇಳಿದ್ದನ್ನೇ ಹೇಳಲಿ ಎಂದು ಕಾದೆ. ಅವಳು ಡಬ್ಬಿಯಲ್ಲಿ ಬೆನ್ನು ಜಜ್ಜಿಸಿಕೊಂಡು ತಂದ ಬಳೆಯ ಸರವನ್ನು ಸುಮ್ಮನೆ ನನ್ನ ಕಡೆ ಚಾಚಿದಳು. ನನಗೆ ಸಿಟ್ಟು ನೆತ್ತಿಗೇರಿತು. "ನಂಗೆ ಬರಲ್ಲ. ನಾನು ಗಂಟು ಹೊರೋಳು, ಬಳೆ ಇಡೋಳಲ್ಲ. ನಾನಿಟ್ರೆ ಹುಡುಗಿ ಕೈ ಚರ್ಮ ಕೀಳ್ತದೆ, ಆಮೇಲೆ ನನ್ನ ಬೈಬೇಡಿ" ಎಂದು ಕೈ ಹಿಂದಕ್ಕೆ ಕಟ್ಟಿಕೊಂಡೆ. ಬಾರದು ಅನ್ನುವುದೂ ನಿಜವೇ ಆಗಿತ್ತು, ಬಂದಿದ್ದರೂ ಇಡುತ್ತಿರಲಿಲ್ಲ.

ಆಗ ಮುನಿಗಂಗಮ್ಮ ಮಾತಾಡಿದಳು. ಮದುಮಗಳು ತಲೆ ಎತ್ತಬಾರದು, ಬಾಯಿ ತೆರೆಯಬಾರದು ಅನ್ನುವ ಕಾಲ ಅದು. ಅವಳು ಬಾಸಿಂಗ ಎತ್ತಿ ಅಜ್ಜಿಯನ್ನು ನೇರವಾಗಿ ನೋಡಿದಳು.

"ಅಜ್ಜೀ, ಇನ್ನೊಂದು ಗಳಿಗೆಗೆ ತಾಳಿ ಕಟ್ತಾರೆ. ಕಟ್ಟಿದ ತಕ್ಷಣ ನಾನು ಬಂದು ನಿಮ್ಮ ಕಾಲಿಗೇ ಬೀಳೋದು. ಆವಾಗ ನೀವು ನನ್ನ ತಲೆ ಮೇಲೆ ಯಾವ ಕೈ ಇಡ್ತೀರಿ?"

ಅಕ್ಕಯಮ್ಮ ಹುಡುಗಿಯ ಬಾಯಿ ಮುಚ್ಚಲು ಹೋದಳು. ಮುನಿಗಂಗಮ್ಮ ಅವಳ ಕೈ ಸರಿಸಿ ಮತ್ತೆ ಹೇಳಿದಳು, "ನಂಗೆ ಆ ಕೈ ಬೇಕು ಅಜ್ಜಿ. ಈ ಕೈಯೂ ಬೇಕು." ಹೇಳಿ ತನ್ನ ಎರಡೂ ಬರಿಗೈಗಳನ್ನು ಅಕ್ಕನ ಮುಂದೆ ಚಾಚಿದಳು.

ದೊಡ್ಡವೆಂಕಟಮ್ಮ ತನ್ನ ಕೈಗಳನ್ನು ನೋಡಿಕೊಂಡಳು, ಯಾವತ್ತೂ ಕಂಡೇ ಇಲ್ಲ ಅನ್ನುವ ಹಾಗೆ. ಅವನ್ನು ಸೆರಗಿನೊಳಗೆ ಹಾಕಿಕೊಂಡಳು. "ಇಡವ್ವ. ಹೊತ್ತಾಯ್ತು" ಅಂದಳು.

ಅಕ್ಕ ಕೂತಳು. ಬಳೆ ಇಡುವ ಮೊದಲು ಕೈ ಹಿಂಡಬೇಕು. ಹುಡುಗಿಯ ಕೈಯನ್ನು ತನ್ನ ಎರಡು ಅಂಗೈಗಳ ನಡುವೆ ತೆಗೆದುಕೊಂಡು, ಬೆರಳಿನ ಬುಡದ ಗಂಟುಗಳನ್ನು ಒಂದೊಂದಾಗಿ ಒತ್ತಿ, ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಕೈಯನ್ನು ಹಿಟ್ಟಿನ ಹಾಗೆ ಮೆತ್ತಗೆ ಮಾಡಿಬಿಡುತ್ತಿದ್ದಳು. ಬಳೆ ಏರಿದ್ದೇ ತಿಳಿಯುತ್ತಿ‌ರಲಿಲ್ಲ. ಹಸಿರು ಬಳೆಗಳು ಒಂದರ ಹಿಂದೊಂದು ಮೊಣಕೈವರೆಗೂ ಏರಿದವು. ಅಕ್ಕನ ಕಣ್ಣೀರು ಹುಡುಗಿಯ ಮುಂಗೈ ಮೇಲೆ ಬೀಳುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಓಲಗ ಶುರುವಾಯಿತು. ಮುಹೂರ್ತ ಮೀರಲಿಲ್ಲ.

ಧಾರೆ ಆಯಿತು. ಹುಡುಗಿ ಬಂದು ಅಜ್ಜಿಯ ಕಾಲಿಗೆ ಬಿದ್ದಳು. ಅಜ್ಜಿ ಎರಡೂ ಕೈ ಅವಳ ತಲೆಯ ಮೇಲಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಮಾಲೂರಿನ ಇಬ್ಬರು ಹೆಂಗಸರು ಬಂದು, ತಮ್ಮ ಹೆಣ್ಣುಮಕ್ಕಳ ಮದುವೆಗೂ ಬರಬೇಕೆಂದು ಅಲ್ಲೇ ಅಕ್ಕನಿಗೆ ಹೇಳಿ ಹೋದರು. ಅವಳು, "ಬರ್ತೀನಿ, ದಿನ ಹೇಳಿ ಕಳ್ಸಿ, ಯಾವ ಗಾಡೀಲಾದ್ರೂ ಬರ್ತೀನಿ" ಎಂದು ಮಾತು ಕೊಟ್ಟಳು. ನನ್ನನ್ನು ಮೊಣಕೈಯಿಂದ ತಿವಿದು, "ನೋಡ್ದಾ ರತ್ನಾ?" ಅಂದಳು.

ಊಟವಾದ ಮೇಲೆ ಹಿತ್ತಲ ಜಗಲಿಯಲ್ಲಿ ಬಳೆಸರಗಳನ್ನು ಮತ್ತೆ ಕಟ್ಟುತ್ತಾ ಕೂತಿದ್ದೆವು. ದೊಡ್ಡವೆಂಕಟಮ್ಮ ಬಂದಳು. ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡು ಅಕ್ಕನ ಎದುರಿಗೆ ನೆಲದ ಮೇಲೆ ಕೂತಳು. ನಾನು ಇನ್ನೊಂದು ಜಗಳಕ್ಕೆ ಸೊಂಟ ಕಟ್ಟಿದೆ.

"ನಮ್ಮೋರು ಹೋದಾಗ ನಿನಗಿಂತ ಚಿಕ್ಕೋಳು ನಾನು" ಅಂದಳು ಮುದುಕಿ. "ಅವತ್ತಿಂದ ಬಳೆಗಾರರು ನಮ್ಮ ಬೀದಿಗೆ ಬಂದ್ರೆ ನಾನು ಒಳಗೆ ಹೋಗ್ತಿದ್ದೆ."

ಅಕ್ಕ ದಾರ ಕಟ್ಟುವುದನ್ನು ನಿಲ್ಲಿಸಿದಳು.

ಮುದುಕಿ ಸೆರಗಿನೊಳಗಿಂದ ಕೈ ತೆಗೆದು ಮುಂದೆ ಚಾಚಿದಳು. ಸೊರಗಿ ಸುಕ್ಕಾದ ಕೈ, ನರ ಎದ್ದಿತ್ತು. "ಬಳೆ ಬೇಡ ಕಣವ್ವ. ಸುಮ್ನೆ ಒಂದು ಸಲ ಹಿಂಡು" ಅಂದಳು.

ಆವಲಮ್ಮಕ್ಕ ಮಲಾರವನ್ನು ಪಕ್ಕಕ್ಕೆ ಸರಿಸಿ, ಆ ಕೈಯನ್ನು ತನ್ನ ಅಂಗೈಗಳ ನಡುವೆ ತೆಗೆದುಕೊಂಡಳು. ಬೆರಳಿನ ಬುಡದಿಂದ ಶುರುಮಾಡಿ ಒಂದೊಂದೇ ಗಂಟನ್ನು ಒತ್ತಿದಳು. ಮುದುಕಿ ಕಣ್ಣು ಮುಚ್ಚಿಕೊಂಡಳು. ಬಲಗೈ ಮುಗಿದ ಮೇಲೆ ಅಕ್ಕ ಮೆಲ್ಲಗೆ, "ಆ ಕೈನೂ ಕೊಡಿ" ಅಂದಳು.